ಹಾಲಿ ಎಪ್ಪತ್ತು

'ಹಾಲಿ' ಎಂಬ ಮಾತನ್ನು ನಾವು ಕನ್ನಡದಲ್ಲಿ ದಿನವೂ ಬಳಸುತ್ತೇವೆ. ಹಾಲಿ ಅಧ್ಯಕ್ಷರು, ಹಾಲಿ ವಿಳಾಸ, ಹಾಲಿ ಸಂಬಳ. ಅಧಿಕಾರ ಬಿಟ್ಟ ಮಾರನೆಯ ದಿನವೇ ಹಾಲಿಯವರು ಮಾಜಿಯವರಾಗುತ್ತಾರೆ; ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ನಮ್ಮ ಬೀದರ ಜಿಲ್ಲೆಯ ವಯಸ್ಸಾದವರ ಬಾಯಲ್ಲಿ, ಎಂದೋ ಮಾಜಿಯಾದ ಒಂದು ವಸ್ತು ಇಂದಿಗೂ ಹಾಲಿಯಾಗಿಯೇ ಉಳಿದುಕೊಂಡಿದೆ. ಅದು ನಿಜಾಮರ ಕಾಲದ ಬೆಳ್ಳಿ ರೂಪಾಯಿ. 'ಹಾಲಿ ಸಿಕ್ಕಾ' ಎಂದರೆ ಸದ್ಯ ಚಲಾವಣೆಯಲ್ಲಿರುವ ನಾಣ್ಯ ಎಂದೇ ಅರ್ಥ. ಅದರ ಚಲಾವಣೆ 1959ರಲ್ಲಿ ಪೂರ್ತಿಯಾಗಿ ನಿಂತುಹೋಯಿತು. ಹೆಸರು ಮಾತ್ರ ನಿಲ್ಲಲಿಲ್ಲ.

ಆ ನಾಣ್ಯವನ್ನು ನೋಡದವರಿಗಾಗಿ ಎರಡು ಮಾತು. ಒಂದು ಮುಖದಲ್ಲಿ ಚಾರ್‌ಮಿನಾರು. ಅದರ ಬಾಗಿಲಿನೊಳಗೆ ಒಂದು ಅಕ್ಷರ. ಮೆಹಬೂಬ್ ಅಲಿ ಖಾನರ ಕಾಲದ್ದಾದರೆ 'ಮೀಮ್', ಉಸ್ಮಾನ್ ಅಲಿ ಖಾನರ ಕಾಲದ್ದಾದರೆ 'ಐನ್'. ದೊರೆಯ ಮುಖ ಎಲ್ಲಿಯೂ ಇಲ್ಲ. ಇಂಗ್ಲಿಷರ ರೂಪಾಯಿಯ ಮೇಲಾದರೋ ರಾಜನ ತಲೆಯೇ ಇತ್ತು. ಅದನ್ನು ನಮ್ಮ ಜನ 'ಕಲದಾರ' ಎಂದು ಕರೆದರು, ಕಲ್ ಎಂದರೆ ಯಂತ್ರ, ಯಂತ್ರದಲ್ಲಿ ಒತ್ತಿದ್ದು ಎಂಬ ಅರ್ಥದಲ್ಲಿ. ಮುಂದೆ ಹಾಲಿಯನ್ನೂ ಯಂತ್ರದಲ್ಲಿಯೇ ಒತ್ತಿದರು. ಆದರೂ ಕಲದಾರ ಎಂಬ ಬಿರುದು ಇಂಗ್ಲಿಷರ ರೂಪಾಯಿಗೇ ಉಳಿಯಿತು. ಹೀಗೆ ಒಂದೇ ಸಂತೆಯಲ್ಲಿ ಎರಡು ರೂಪಾಯಿ ಓಡಾಡುತ್ತಿದ್ದವು. ಬೆಲೆ ಕೇಳಿದವನು 'ಹಾಲಿಯೋ, ಕಲದಾರವೋ' ಎಂದು ಕೇಳದೆ ಕೈಚೀಲ ಬಿಚ್ಚುತ್ತಿರಲಿಲ್ಲ.

ಇಷ್ಟು ಪೀಠಿಕೆಯ ಅಗತ್ಯವೇಕೆ ಬಂತೆಂದರೆ, ನಮ್ಮ ಮನೆಯಲ್ಲಿ ಎಪ್ಪತ್ತು ಹಾಲಿಯ ಒಂದು ಸಾಲ ಬಾಕಿಯಿದೆ.

ನಮ್ಮ ಮುತ್ಯಾ ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು. ನಮ್ಮ ತಂದೆ ಬೀದರಿಗೆ ಬಂದು ನೆಲೆಸಿದಾಗ ಹಳ್ಳಿಯಿಂದ ತಂದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಅವರ ಕೈಯ ಐದು ವಹಿಗಳಿದ್ದವು. ಬರಹ ಉರ್ದು. ನಿಜಾಮರ ರಾಜ್ಯದಲ್ಲಿ ಮನೆಯ ಮಾತು ಕನ್ನಡವಾಗಿದ್ದರೂ, ಪೇಟೆಯ ಮಾತು ಮರಾಠಿಯಾಗಿದ್ದರೂ, ಶಾಲೆಗೂ ಕಚೇರಿಗೂ ಉರ್ದುವೇ ಬೇಕಾಗಿತ್ತು. ಹಳಗನ್ನಡ ಶಾಸನದ ಸಾಲನ್ನು ತಡವರಿಸಿಯಾದರೂ ಓದಬಲ್ಲ ನನಗೆ ನನ್ನ ಸ್ವಂತ ಮುತ್ಯಾನ ಕೈಬರಹ ಓದಲು ಬಾರದು. ತಂದೆಗೆ ಅಂಕಿಗಳಷ್ಟೇ ಗೊತ್ತು. ಆ ಅಂಕಿಗಳ ಮೇಲೆ ಬೆರಳಿಟ್ಟು ಅವರು ನನಗೆ ಹೇಳಿದ ಕಥೆ ಇದು.

ಫಸಲಿ 1357, ಅಂದರೆ 1947ರ ಅಕ್ಟೋಬರಿನಲ್ಲಿ ಮೊದಲಾದ ವರ್ಷ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಮುತ್ಯಾನ ಒಂದು ದೇವಣಿ ಎತ್ತು ಸತ್ತಿತು. ಊರಿನ ಸಾವಕಾರರು ಹೊಲ ಬರೆದುಕೊಡು ಎಂದರು. ಮುತ್ಯಾ ಭಾಲ್ಕಿಗೆ ನಡೆದುಹೋಗಿ, ತಾವು ತೊಗರಿ ಹಾಕುತ್ತಿದ್ದ ಅಡತಿ ಅಂಗಡಿಯ ಸಾಹೇಬರನ್ನು ಕೇಳಿದರು. ಅವರು ಕಾಗದವಿಲ್ಲದೆ, ಬಡ್ಡಿಯಿಲ್ಲದೆ ಎಪ್ಪತ್ತು ಹಾಲಿ ರೂಪಾಯಿಯನ್ನು ಕೈಗಡ ಕೊಟ್ಟರು. ಬರುವ ಸುಗ್ಗಿಗೆ ತೀರಿಸುವ ಮಾತು. ಆದರೆ ಆ ವರ್ಷ ಸುಗ್ಗಿಯ ವರ್ಷವಾಗಿರಲಿಲ್ಲ. 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳನ್ನು ನಮ್ಮ ಜಿಲ್ಲೆ ಮರೆತಿಲ್ಲ. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳಿಕೆ ಮುಗಿಯಿತು. ಅದರ ಬೆನ್ನಿಗೆ ಮುಸಲ್ಮಾನರ ಮೇಲೆ ಆದದ್ದನ್ನು ಪಂಡಿತ ಸುಂದರಲಾಲರ ಸಮಿತಿ ಊರೂರು ತಿರುಗಿ ಬರೆದುಕೊಂಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಮುತ್ಯಾ ಭಾಲ್ಕಿಗೆ ಹೋದಾಗ ಅಂಗಡಿಗೆ ಬೀಗವೂ ಇರಲಿಲ್ಲ, ಬಾಗಿಲೇ ಇರಲಿಲ್ಲ. ಸಾಹೇಬರ ಮನೆಯವರು ಹೈದರಾಬಾದಿಗೆ ಹೋದರೆಂದು ಯಾರೋ ಹೇಳಿದರು. ಮುತ್ಯಾ ಎರಡು ಸಲ ಅಲ್ಲಿಗೂ ಹೋಗಿ ಹುಡುಕಿ ಬಂದರಂತೆ.

ಅಂದಿನಿಂದ ಅವರು ಪ್ರತಿ ದೀಪಾವಳಿಗೆ ಹೊಸ ಪುಟ ತೆಗೆದಾಗಲೆಲ್ಲ ಆ ಬಾಕಿಯನ್ನು ಮುಂದಕ್ಕೆ ಬರೆದುಕೊಂಡು ಬಂದರು. ಕೊನೆಯ ವಹಿ 1972ರದು, ಬರದ ವರ್ಷದ್ದು. ಅದರಲ್ಲಿಯೂ ಇದೆ: ಎಪ್ಪತ್ತು. ಅರವತ್ತಲ್ಲ, ಎಪ್ಪತ್ತು.

ಅರವತ್ತರ ಮಾತು ಏಕೆ ಬಂತೆಂದರೆ, ಹೈದರಾಬಾದು ಭಾರತದಲ್ಲಿ ಸೇರಿದ ಮೇಲೆ ಏಳು ಹಾಲಿಗೆ ಆರು ಭಾರತದ ರೂಪಾಯಿ ಎಂದು ದರ ಗೊತ್ತಾಗಿತ್ತು. ಎಪ್ಪತ್ತು ಹಾಲಿಗೆ ಅರವತ್ತು ರೂಪಾಯಿ. ಚಿಲ್ಲರೆಯ ಗೊಡವೆಯೂ ಇಲ್ಲದ ಅಚ್ಚುಕಟ್ಟಾದ ಲೆಕ್ಕ. ಊರಿನವರೆಲ್ಲ ತಮ್ಮ ಕೊಡು ಕೊಳ್ಳುವಿಕೆಯನ್ನು ಹಾಗೆಯೇ ತಿರುಗಿಸಿಕೊಂಡರು. ಮುತ್ಯಾನ ವಹಿಯಲ್ಲಿಯೂ ಉಳಿದ ಬಾಬುಗಳೆಲ್ಲ ಆ ದರದಲ್ಲಿಯೇ ಹೊಸ ರೂಪಾಯಿಗೆ ಇಳಿದಿವೆ. ಈ ಒಂದು ಬಾಬು ಮಾತ್ರ, ನಾಣ್ಯ ಸತ್ತು ಹದಿಮೂರು ವರ್ಷವಾದ ಮೇಲೂ, ಹಾಲಿಯಾಗಿಯೇ ಇದೆ.

ತಂದೆಗೆ ಈಗ ಎಪ್ಪತ್ತೇಳು. ಹೋದ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ ನನ್ನನ್ನು ಕರೆದು, "ಮುತ್ಯಾಂದು ಆ ಲೆಕ್ಕ ನಾ ಇರೂತನಾ ಮುಗಿಸಿಬಿಡಪ್ಪ" ಎಂದರು. ಮುಗಿಸುವುದೆಂದರೆ ಎಷ್ಟು ಕೊಟ್ಟು ಮುಗಿಸುವುದು? ಸಾಲ ಕೊಟ್ಟ ನಾಣ್ಯವೇ ಸತ್ತುಹೋದ ಮೇಲೆ ಸಾಲಗಾರನ ಮೇಲಿರುವ ಹೊರೆ ಯಾವ ತೂಕದ್ದು? ಮೊದಲು ಇದು ನನಗೆ ಅಂಕಗಣಿತದ ಪ್ರಶ್ನೆಯಾಗಿ ಕಂಡಿತು.

ಮೊದಲನೆಯ ಲೆಕ್ಕ ಸರ್ಕಾರದ್ದು. ಅರವತ್ತು ರೂಪಾಯಿ ಕೊಟ್ಟರೆ ತೀರಿತು. ಕಾನೂನಿನ ಕಣ್ಣಿಗೆ ಅದೂ ಬೇಕಿಲ್ಲ. ವಾಯಿದೆ ಮೀರಿ ಎಷ್ಟೋ ಕಾಲವಾಯಿತು. ಆದರೆ ಅರವತ್ತು ರೂಪಾಯಿಯನ್ನು ಇಂದು ಯಾರ ಕೈಯಲ್ಲಾದರೂ ಇಟ್ಟು ಇದು ಒಂದು ಎತ್ತಿನ ಋಣ ಎಂದು ಹೇಳಲು ಬಾಯಿ ಬಂದೀತೆ? ಇಬ್ಬರು ಹೋಟೆಲಿಗೆ ಹೋಗಿ ತಿಂಡಿ ತಿಂದರೆ ಮುಗಿಯುವ ಹಣ ಅದು.

ಎರಡನೆಯ ಲೆಕ್ಕ ಬೆಳ್ಳಿಯದು. ಇದನ್ನು ನನಗೆ ಕಲಿಸಿಕೊಟ್ಟವರು ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರು. ಹಳೆಯ ನಾಣ್ಯಗಳ ಹುಚ್ಚು ಅವರಿಗೆ. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ ನೂರಕ್ಕೆ ಎಂಬತ್ತೆರಡು ಪಾಲಿಗೆ ಕೊಂಚ ಕಡಿಮೆ, ಎಂದರೆ 9.14 ಗ್ರಾಂ. ಕಲದಾರದ ತೂಕ ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ 10.69 ಗ್ರಾಂ. ಏಳು ಹಾಲಿಯ ಬೆಳ್ಳಿಯನ್ನು ಒಂದು ತಟ್ಟೆಯಲ್ಲಿಟ್ಟು ಆರು ಕಲದಾರದ ಬೆಳ್ಳಿಯನ್ನು ಇನ್ನೊಂದರಲ್ಲಿಟ್ಟರೆ ತಕ್ಕಡಿ ಹೆಚ್ಚು ಕಡಿಮೆ ಸರಿಯಾಗಿ ನಿಲ್ಲುತ್ತದೆ. ಏಳಕ್ಕೆ ಆರು ಎಂಬ ದರದ ಗುಟ್ಟು ಇದು ಎಂದು ತಿಳಿದಾಗ ನನಗೆ ಸಂತೋಷವಾಯಿತು. ಸರ್ಕಾರದ ಲೆಕ್ಕಕ್ಕೂ ಒಂದು ಬುಡವಿತ್ತಲ್ಲ! ಆದರೆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಕಲದಾರದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು. 1947ರಲ್ಲಿ ಬೆಳ್ಳಿಯನ್ನೇ ತೆಗೆದು ನಿಕ್ಕಲ್ ರೂಪಾಯಿ ಹೊರಡಿಸಿದರು. ಬೆಳ್ಳಿ ಓಡಿಹೋದ ಮೇಲೂ ಬೆಳ್ಳಿಯ ದರ ಮಾತ್ರ ಕಾಗದದ ಮೇಲೆ ಹಾಗೆಯೇ ಉಳಿದಿತ್ತು. ಹಾಲಿಯಲ್ಲಿಯೂ ಯುದ್ಧಕಾಲದ ಕಲಬೆರಕೆಯುಂಟು. ಅಲ್ಲದೆ ನಿಜಾಮ ಸರ್ಕಾರ 1918ರ ಕಾಯಿದೆಯ ಮೇಲೆ ತನ್ನದೇ ನೋಟುಗಳನ್ನೂ ಅಚ್ಚು ಹಾಕಿಸುತ್ತಿತ್ತು. ಮುತ್ಯಾನ ಕೈಗೆ ಬಂದದ್ದು ಹಳೆಯ ಒಳ್ಳೆಯ ಬೆಳ್ಳಿಯೋ, ಯುದ್ಧದ ಅರೆಬೆಳ್ಳಿಯೋ, ಬರಿಯ ಕಾಗದವೋ? ಎಲ್ಲವೂ ಒಳ್ಳೆಯ ಬೆಳ್ಳಿಯೇ ಎಂದಿಟ್ಟುಕೊಂಡರೆ 640 ಗ್ರಾಂ, ಹತ್ತಿರ ಹತ್ತಿರ ಐವತ್ತೈದು ತೊಲ. ಅಂದಿನ ಧಾರಣೆಯಲ್ಲಿ ಲೆಕ್ಕ ಹಾಕಿದೆ. ಮೊತ್ತ ಲಕ್ಷದ ಹತ್ತಿರಕ್ಕೆ ಹೋಗಿ ನಿಂತಿತು. ಅರವತ್ತು ರೂಪಾಯಿಯೂ ಇದೇ ಋಣ, ಲಕ್ಷ ರೂಪಾಯಿಯೂ ಇದೇ ಋಣ!

ಆ ಅಧ್ಯಾಪಕರು ನನ್ನ ಪೇಚಾಟವನ್ನು ಕಂಡು ಒಂದು ಚಿತ್ರ ತೋರಿಸಿದರು. ಜರ್ಮನಿ ಇನ್ನೂ ಒಂದು ದೇಶವಾಗಿರದ ಕಾಲದ ಒಂದು ದೊಡ್ಡ ಬೆಳ್ಳಿಯ ನಾಣ್ಯ. ನಮ್ಮ ಸಂಸ್ಥಾನಗಳಂತೆ ಅಲ್ಲಿಯೂ ಗೇಣು ಗೇಣಿಗೊಬ್ಬ ದೊರೆ, ಒಬ್ಬೊಬ್ಬನಿಗೂ ಒಂದೊಂದು ಟಂಕಸಾಲೆ. ಉತ್ತರದವರ ಲೆಕ್ಕ ಥಾಲರಿನಲ್ಲಿ, ದಕ್ಷಿಣದವರದು ಗುಲ್ಡನ್ನಿನಲ್ಲಿ. 1838ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಅವರೆಲ್ಲ ಒಂದು ಒಪ್ಪಂದಕ್ಕೆ ಬಂದು ಎಲ್ಲ ಕಡೆಗೂ ಸಲ್ಲುವ ಒಂದು ನಾಣ್ಯವನ್ನು ಗೊತ್ತುಮಾಡಿದರು. ಅದರ ಮೇಲಿನ ಬರಹ: ಎರಡು ಥಾಲರು, ಮೂರೂವರೆ ಗುಲ್ಡನ್, ಶುದ್ಧ ಬೆಳ್ಳಿಯ ಒಂದು ಮಾರ್ಕಿಗೆ ಇಂಥವು ಏಳು. ಮಾರ್ಕ್ ಎಂಬುದು ಅಲ್ಲಿನ ತೂಕ, 234 ಗ್ರಾಮಿಗೆ ತುಸು ಕಡಿಮೆ. ತನ್ನೊಳಗೆ ಬೆಳ್ಳಿ ಎಷ್ಟಿದೆಯೆಂದು ನಾಣ್ಯ ತನ್ನ ಮೈಮೇಲೆಯೇ ಹೇಳಿಕೊಳ್ಳುತ್ತದೆ. ದೊಡ್ಡ ಚಕ್ರವರ್ತಿಯ ನಾಣ್ಯಕ್ಕೆ ಅವನ ಮುಖವೇ ಸಾಕು. ಎರಡು ಹರದಾರಿಯಾಚೆಗೆ ಹೆಸರೇ ಗೊತ್ತಿಲ್ಲದ ಸಣ್ಣ ದೊರೆಯ ನಾಣ್ಯಕ್ಕೆ ಸಾಕ್ಷಿ ಬೇಕು.

ಆ ಸಾಕ್ಷಿ ಸುಮ್ಮನೆ ಬಂದದ್ದಲ್ಲವೆಂದು ಅವರು ಹೇಳಿದರು. ಅದಕ್ಕೆ ಇನ್ನೂರು ವರ್ಷ ಹಿಂದೆ, 1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಆರಂಭವಾದಾಗ, ಇದೇ ಸಣ್ಣ ದೊರೆಗಳು ಸೈನ್ಯದ ಖರ್ಚಿಗಾಗಿ ಬೆಳ್ಳಿಗೆ ತಾಮ್ರ ಬೆರೆಸತೊಡಗಿದರು. ತಮ್ಮ ಕೆಟ್ಟ ನಾಣ್ಯದ ಚೀಲಗಳನ್ನು ನೆರೆಯ ಸೀಮೆಗೆ ಕಳಿಸಿ ಅಲ್ಲಿನ ಒಳ್ಳೆಯ ನಾಣ್ಯವನ್ನು ತರಿಸಿ ಕರಗಿಸಿದರು. ನೆರೆಯವನು ಸುಮ್ಮನಿದ್ದಾನೆಯೇ? ಅವನೂ ಅದನ್ನೇ ಮಾಡಿದ. ಕೊನೆಗೆ ಕಂದಾಯವೂ ಅದೇ ತಾಮ್ರದಲ್ಲಿ ಖಜಾನೆಗೆ ಮರಳಿ ಬಂದಾಗ, 1623ರ ಹೊತ್ತಿಗೆ, ಆಟ ನಿಂತಿತು. ತಕ್ಕಡಿಯ ತಟ್ಟೆಯನ್ನು ವಾಲಿಸುವುದು ಎಂಬ ಅರ್ಥದ ಒಂದು ಹೆಸರು ಆ ಕಾಲಕ್ಕೆ ಅಲ್ಲಿ ಇಂದಿಗೂ ಇದೆ. ಆ ನಾಲ್ಕೈದು ವರ್ಷಗಳಲ್ಲಿ ಒಳ್ಳೆಯ ಬೆಳ್ಳಿಯಲ್ಲಿ ಪಡೆದ ಸಾಲವನ್ನು ತಾಮ್ರದಲ್ಲಿ ತೀರಿಸಿ ಕೈತೊಳೆದುಕೊಂಡವರೂ ಇದ್ದಿರಬೇಕು. ಮುದ್ರೆಯ ಲೆಕ್ಕದಲ್ಲಿ ಅವರು ಮಾಡಿದ್ದು ತಪ್ಪಲ್ಲ. ಪಡೆದವನ ಎದೆಯ ಲೆಕ್ಕ ಬೇರೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೀದರು ರಾಜಧಾನಿಯಾಗುವುದಕ್ಕೆ ಮೊದಲು ಬಹಮನಿಯರು ಕಲಬುರಗಿಯಲ್ಲಿದ್ದಾಗಲೇ ಇಂಥದು ನಡೆದಿತ್ತೆಂದು ಫಿರಿಶ್ತಾ ಬರೆದಿದ್ದಾನೆ. ಸರಾಫರು ಒಂದನೆಯ ಮಹಮ್ಮದ ಶಹನ ನಾಣ್ಯಗಳನ್ನು ಕರಗಿಸಿ ನೆರೆಯ ವಿಜಯನಗರದ ನಾಣ್ಯಗಳು ಓಡಾಡುವಂತೆ ಮಾಡಿದರಂತೆ. ಸುಲ್ತಾನ 1360ರಲ್ಲಿ ಅವರನ್ನು ಕೊಲ್ಲಿಸಿ, ದೆಹಲಿಯ ಕಡೆಯಿಂದ ಬಂದ ಖತ್ರಿಗಳಿಗೆ ಆ ಉದ್ಯಮವನ್ನು ಕೊಟ್ಟನಂತೆ. ಫಿರಿಶ್ತಾ ಬರೆದದ್ದು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಆದ್ದರಿಂದ ಅಂತೆ ಎಂಬುದನ್ನು ಬಿಡದೆ ಹೇಳಬೇಕು. ಆದರೂ ಸುಲ್ತಾನನ ಸಿಟ್ಟು ನನಗೆ ಅರ್ಥವಾಗುತ್ತದೆ. ಅವನಿಗೆ ನಾಣ್ಯವೆಂದರೆ ತನ್ನ ಮಾತು. ಸರಾಫನಿಗೆ ಅದು ಲೋಹ. ಮಾತನ್ನು ಮೂಸೆಗೆ ಹಾಕಿ ಕರಗಿಸುವವನನ್ನು ಯಾವ ದೊರೆ ಸಹಿಸಿಯಾನು? ಆದರೆ ಕತ್ತಿ ಹಿಡಿದು ಜನರ ನಂಬಿಕೆಯನ್ನು ತನ್ನ ಮುದ್ರೆಯ ಕಡೆಗೆ ತಿರುಗಿಸಿಕೊಳ್ಳಬಹುದೆಂಬ ಅವನ ಎಣಿಕೆಯನ್ನು ಮಾತ್ರ ನಾನು ಒಪ್ಪಲಾರೆ.

ಕನ್ನಡದ ಮೇಷ್ಟರಾದ್ದರಿಂದ ಒಂದು ಮಾತನ್ನು ಇಲ್ಲಿ ತಡೆಯಲಾರೆ. ನಮ್ಮಲ್ಲಿ ನಂಬತಕ್ಕ ಮನುಷ್ಯನನ್ನು 'ನಾಣ್ಯಸ್ಥ' ಎನ್ನುತ್ತಾರೆ. ನಾಣ್ಯ ಎಂಬ ಪದಕ್ಕೆ ಟಂಕಸಾಲೆಯ ಅರ್ಥದ ಜೊತೆಗೆ ಗುಣದ, ನಿಜತನದ ಅರ್ಥವೂ ಅಂಟಿಕೊಂಡಿದೆ. ಬೆಳ್ಳಿಯೂ ಮುದ್ರೆಯೂ ಸೇರಿ ಆಗುವ ವಸ್ತುವಿನ ಹೆಸರನ್ನು ನಮ್ಮ ಹಿಂದಿನವರು ಮನುಷ್ಯನ ಗುಣಕ್ಕೆ ಎರವಲು ಕೊಟ್ಟರು.

ಮೂರನೆಯ ಲೆಕ್ಕವೊಂದಿದೆ, ಉಪಕಾರದ ಲೆಕ್ಕ. ಆ ಎಪ್ಪತ್ತು ಹಾಲಿ ಎತ್ತಾಯಿತು, ಎತ್ತು ಬಿತ್ತನೆಯಾಯಿತು, ಬರೆದುಕೊಡಬೇಕಾಗಿದ್ದ ಹೊಲ ಉಳಿಯಿತು, ಆ ಹೊಲದ ಮೇಲೆ ನಮ್ಮ ತಂದೆ ಓದಿದರು, ನಾನು ಓದಿದೆ. ಹೀಗೆ ಎಣಿಸಿದರೆ ನನ್ನ ತಿಂಗಳ ಸಂಬಳವೂ ಆ ಸಾಹೇಬರ ಲೆಕ್ಕಕ್ಕೇ ಸೇರಬೇಕು. ಉದಾತ್ತವಾಗಿ ಕಾಣುವ ಈ ಲೆಕ್ಕದ ಬಗ್ಗೆ ನನಗೆ ಸಂಶಯವಿದೆ. ತೀರಿಸಲಾಗದಷ್ಟು ದೊಡ್ಡದು ಎಂದು ಋಣವನ್ನು ಹೊಗಳಿ, ಕೈಮುಗಿದು, ಒಂದು ಕಾಸೂ ಕೊಡದೆ ಎದ್ದು ಬರುವುದು ಬಹಳ ಸುಲಭ. ನಾವು ತಂದೆತಾಯಿಗಳ ವಿಷಯದಲ್ಲಿ ಮಾಡುವುದು ಹೆಚ್ಚಾಗಿ ಇದನ್ನೇ.

ಬಹಳ ದಿನ ಈ ಮೂರು ಲೆಕ್ಕಗಳ ನಡುವೆ ಓಡಾಡಿದೆ. ಒಮ್ಮೆ, ಬೆಳ್ಳಿಯ ಲೆಕ್ಕದಲ್ಲಿಯೇ ಕೊಟ್ಟುಬಿಡೋಣ, ಹೆಚ್ಚಾದರೆ ಹೆಚ್ಚಾಯಿತು ಎಂದು ನಿರ್ಧರಿಸಿ ಮನಸ್ಸಿನಲ್ಲಿಯೇ ಬೀಗಿದ್ದೂ ಉಂಟು. ಆ ಬೀಗುವಿಕೆಯೇ ನನಗೆ ತಪ್ಪನ್ನು ತೋರಿಸಿಕೊಟ್ಟಿತು. ಅರವತ್ತು ಎಂದವನೂ ಲಕ್ಷ ಎಂದವನೂ ಮಾಡುತ್ತಿರುವುದು ಒಂದೇ ಕೆಲಸ: ಸಾಲ ಕೊಟ್ಟವನನ್ನು ಕೇಳದೆ ಅವನ ಹಣಕ್ಕೆ ತಾನೇ ಬೆಲೆ ಕಟ್ಟುವುದು. ಬೆಲೆ ಕಟ್ಟುವ ಹಕ್ಕು ಸಾಲಗಾರನೊಬ್ಬನದಲ್ಲ. ಸರ್ಕಾರದ್ದೂ ಪೂರ್ತಿಯಾಗಿ ಅಲ್ಲ. ಕೊಟ್ಟವನು ಎದುರಿಗೆ ಕುಳಿತು 'ಇಷ್ಟು' ಎಂದೋ 'ಸಾಕು' ಎಂದೋ ಹೇಳಬೇಕು. ಹೇಳುವವನು ಕಣ್ಣಿಗೆ ಬೀಳುವ ತನಕ ಲೆಕ್ಕವನ್ನು ತೆರೆದಿಡುವುದಷ್ಟೇ ಪಡೆದವನ ಕೆಲಸ. ಮುತ್ಯಾ ಎಪ್ಪತ್ತನ್ನು ಅರವತ್ತು ಮಾಡದೆ ಏಕೆ ಬಿಟ್ಟರೆಂಬುದು ಆಗ ನನಗೆ ಹೊಳೆಯಿತು. ಉಳಿದ ಬಾಬುಗಳಲ್ಲಿ ಎರಡು ಕಡೆಯವರೂ ಕೂತು ದರವನ್ನು ಒಪ್ಪಿದ್ದರು. ಈ ಬಾಬಿನಲ್ಲಿ ಒಪ್ಪಬೇಕಾದವರು ಊರು ಬಿಟ್ಟು ಹೋಗಿದ್ದರು. ಹೋದದ್ದು ತಾವಾಗಿಯೂ ಅಲ್ಲ.

ಭಾಲ್ಕಿಯ ಗಂಜಿನಲ್ಲಿ ಹಳಬರನ್ನು ವಿಚಾರಿಸುತ್ತ ಹೋದೆ. ನಾಲ್ಕು ತಿಂಗಳ ಮೇಲೆ ತಿಳಿದದ್ದು ಹೀಗೆ: ಸಾಹೇಬರು ಹೈದರಾಬಾದಿನಲ್ಲಿಯೇ ತೀರಿಕೊಂಡರು, ಅವರ ಒಬ್ಬ ಮೊಮ್ಮಗ ಬೀದರಿಗೆ ಮರಳಿ ಬಂದು ಚೌಬಾರಾದ ಹತ್ತಿರ ಒಂದು ಅಂಗಡಿ ನಡೆಸುತ್ತಾರೆ. ನಮ್ಮ ಮನೆಯಿಂದ ಹದಿನೈದು ನಿಮಿಷದ ದಾರಿ. ಆ ಅಂಗಡಿಯಲ್ಲಿ ನಾನು ಎಷ್ಟೋ ಸಲ ಮಕ್ಕಳಿಗೆ ಪೆನ್ನು ಕೊಂಡಿದ್ದೇನೆ.

ಒಂದು ಶುಕ್ರವಾರ ಸಂಜೆ ಕೊನೆಯ ವಹಿಯನ್ನೂ ಒಂದು ಲಕೋಟೆಯನ್ನೂ ಕೈಚೀಲದಲ್ಲಿಟ್ಟುಕೊಂಡು ಹೋದೆ. ಅವರು ನನಗಿಂತ ನಾಲ್ಕೈದು ವರ್ಷ ಹಿರಿಯರು. ವಿಷಯ ಹೇಳಿದೆ. ಮೊದಲು ನಕ್ಕರು, ಚಹಾ ತರಿಸಿದರು. ಲಕೋಟೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ನಮ್ಮ ದಾದಾಂದು ಹೆಸರು ಬರದದ್ದು ಅದಾ ಏನ್ರಿ ಸರ್, ಅದರಾಗ?" ಎಂದು ಕೇಳಿದರು. ಅವರ ಮನೆಯಲ್ಲಿ ದಾದಾನ ಕಾಲದ ಒಂದು ಕಾಗದವೂ ಇಲ್ಲವಂತೆ. ಉಟ್ಟ ಬಟ್ಟೆಯಲ್ಲಿ ಹೊರಟವರು.

ವಹಿಯನ್ನು ಬಿಚ್ಚಿಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಸಾಲಿನ ಮೇಲೆ ಬೆರಳಾಡಿಸಿ ನನ್ನ ಮುತ್ಯಾನ ಬರಹವನ್ನು ನನಗೆ ಓದಿ ಹೇಳಿದರು. ಸಾಹೇಬರ ಹೆಸರು, ಭಾಲ್ಕಿ, ಹಾಲಿ ಎಪ್ಪತ್ತು. ಆಮೇಲೆ ಒಂದು ಪದದ ಮೇಲೆ ನಿಂತರು. "ಇಲ್ಲಿ ಕರ್ಜ್ ಅಂತ ಬರದಿಲ್ಲ ಸರ್. ಅಮಾನತ್ ಅಂತ ಬರದಾರ."

ಮರುದಿನ ಉಳಿದ ವಹಿಗಳನ್ನೂ ಒಯ್ದು ತೋರಿಸಿದೆ. ಮೊದಲನೆಯದರಲ್ಲಿ ಕರ್ಜ್ ಎಂದೇ ಇದೆ. 1948ರ ದೀಪಾವಳಿಯಿಂದ ಮುಂದೆ ಎಲ್ಲ ಪುಟಗಳಲ್ಲಿಯೂ ಅಮಾನತ್. ನೌಕರನನ್ನು ಕೆಲಸದಿಂದ ತಡೆದಿಟ್ಟಾಗ ಮಾತ್ರ ನಾವು ಕನ್ನಡದಲ್ಲಿ ಹೆಚ್ಚಾಗಿ ಆಡುವ ಪದ. ಅದರ ಮೂಲದ ಅರ್ಥ ನಂಬಿ ಇಟ್ಟ ಒಡವೆ. ಸಾಲವಾದರೆ ಅಷ್ಟೇ ಬೆಲೆಯದನ್ನು ಕೊಟ್ಟು ತೀರಿಸಬಹುದು. ನಂಬಿ ಇಟ್ಟದ್ದಾದರೆ ಇಟ್ಟದ್ದನ್ನೇ ಹಿಂದಕ್ಕೆ ಕೊಡಬೇಕಲ್ಲವೆ? ಇಟ್ಟದ್ದು ಎತ್ತಾಗಿ, ಎತ್ತು ಮಣ್ಣಾಗಿ ಎಷ್ಟೋ ಕಾಲವಾಯಿತು. ನನ್ನ ಮೂರು ಲೆಕ್ಕಗಳಲ್ಲಿ ಒಂದೂ ಆ ಪದದ ಎದುರಿಗೆ ನಿಲ್ಲಲಿಲ್ಲ.

ಲಕೋಟೆಯ ಮಾತು ಮತ್ತೆ ತೆಗೆದೆ. ಅವರು ತಲೆಯಾಡಿಸಿದರು. "ಇದರಾಗ ನಮ್ಮ ಕಾಕಾಂದು ಹಿಸ್ಸಾ ಅದಾ, ಫುಫುಗಳದ್ದು ಅದಾ. ನಾ ಒಬ್ಬನೇ ಮಾಫಿ ಮಾಡ್ಲಾಕೂ ಬರಲ್ಲ, ತೊಗೊಳ್ಳಾಕೂ ಬರಲ್ಲ. ಹೈದರಾಬಾದಿಗಿ ಹೋದಾಗ ಕೇಳ್ತೀನಿ. ಅಬ್ಬಾಜಾನ್‌ಗ ಸಲಾಮ್ ಹೇಳ್ರಿ" ಎಂದರು. ನನ್ನ ತಂದೆಯನ್ನು ಅವರು ಅಬ್ಬಾಜಾನ್ ಎಂದದ್ದು ಅಭ್ಯಾಸಬಲದಿಂದಲೇ ಇರಬೇಕು.

ದಾದಾನ ಹೆಸರಿರುವ ಪುಟದ ಒಂದು ಪ್ರತಿ ಬೇಕೆಂದರು. ಇಬ್ಬರೂ ಎದುರಿನ ಝೆರಾಕ್ಸ್ ಅಂಗಡಿಗೆ ಹೋದೆವು. ಎರಡು ರೂಪಾಯಿಯಾಯಿತು. ನಾನು ಜೇಬಿಗೆ ಕೈ ಹಾಕುವುದರೊಳಗೆ ಅವರೇ ಕೊಟ್ಟುಬಿಟ್ಟರು.